ಲ್ಯಾಬಿನ ಬಾಗಿಲು ತೆರೆದಿದೆ, ಒಳಗೆ ಬರುವವರು ಯಾರು?

ಅಮೆರಿಕದ ಬಹಳಷ್ಟು ಯೂನಿವರ್ಸಿಟಿಗಳಲ್ಲಿ ಡಿಗ್ರಿ ಓದುತ್ತಿರುವಾಗಲೇ ಸಂಶೋಧನೆಗೆ ಇಳಿಯಬಹುದು. ಪಿಎಚ್‌ಡಿ ಸೇರುವ ತನಕ ಕಾಯಬೇಕಿಲ್ಲ. ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ 1969ರಲ್ಲೇ ಇದಕ್ಕೊಂದು ವ್ಯವಸ್ಥೆ ಕಟ್ಟಿದರು. ಅದಕ್ಕೆ ಯೂರಾಪ್ (UROP) ಎಂದು ಹೆಸರು. ಈಗ ಅಂಥ ಕಾರ್ಯಕ್ರಮ ಬಹಳಷ್ಟು ಕಾಲೇಜುಗಳಲ್ಲಿ ಇದೆ. ನಿಯಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಆಸಕ್ತಿ ಇರುವ ಯಾರು ಬೇಕಾದರೂ ಕೇಳಬಹುದು.

ಕೇಳಬಹುದು, ಸರಿ. ಆದರೆ ಕೇಳುವವರು ಯಾರು? ಅಪ್ಪನೋ ಅಮ್ಮನೋ ಪ್ರೊಫೆಸರ್, ಡಾಕ್ಟರ್, ಎಂಜಿನಿಯರ್ ಆಗಿದ್ದರೆ ಮಗನಿಗೆ ಮೊದಲ ವರ್ಷವೇ ಮನೆಯಲ್ಲಿ ಹೇಳಿಕೊಡುತ್ತಾರೆ: "ಸುಮ್ನೆ ಕ್ಲಾಸಿಗೆ ಹೋಗಿ ಬಂದರೆ ಸಾಲದು, ಯಾವುದಾದರೂ ಲ್ಯಾಬ್ ಸೇರ್ಕೋ." ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ತಾನೇ ಆಗಿದ್ದರೆ ಈ ಮಾತು ಹೇಳುವವರು ಯಾರೂ ಇರುವುದಿಲ್ಲ. ಅವಳು ಚೆನ್ನಾಗಿ ಓದುತ್ತಾಳೆ, ಒಳ್ಳೆ ಅಂಕ ತೆಗೆಯುತ್ತಾಳೆ. ಅಷ್ಟೇ ಸಾಕು ಅಂದುಕೊಂಡಿರುತ್ತಾಳೆ. ಕೊನೆಯ ವರ್ಷದಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕಲು ಕೂತಾಗ ಗೊತ್ತಾಗುತ್ತದೆ, ಅಲ್ಲಿ ಅಂಕಕ್ಕಿಂತ ಮೊದಲು ಕೇಳುವುದು ಸಂಶೋಧನೆಯ ಅನುಭವವನ್ನು ಎಂದು. ಶಿಫಾರಸು ಪತ್ರ ಬರೆಯುವವರೂ ಲ್ಯಾಬಿನಲ್ಲಿ ಅವಳನ್ನು ಹತ್ತಿರದಿಂದ ಕಂಡವರೇ ಆಗಿರಬೇಕು. ಹತ್ತೊಂಬತ್ತನೇ ವಯಸ್ಸಿನಲ್ಲಿ ತಪ್ಪಿದ್ದು ಇಪ್ಪತ್ತೆರಡಕ್ಕೆ ಬಂದು ಕಾಲಿಗೆ ತೊಡರುತ್ತದೆ.

ಇಂಥವರಿಗಾಗಿ, ವಿಜ್ಞಾನದಲ್ಲಿ ಸಂಖ್ಯೆ ಕಡಿಮೆ ಇರುವ ಗುಂಪುಗಳ ವಿದ್ಯಾರ್ಥಿಗಳಿಗಾಗಿ, ಈ ನಡುವಿನ ದಾರಿಯಲ್ಲಿ ನಿಂತು ಕೆಲಸ ಮಾಡುವ ಎರಡು ಬಗೆಯ ಜನರ ಬಗ್ಗೆ ಈ ಲೇಖನ. ಒಬ್ಬರು ಮೆಂಟರ್‌ಗಳು, ಅಂದರೆ ಲ್ಯಾಬಿನ ಒಳಗೆ ಕೈಹಿಡಿದು ಕಲಿಸುವವರು. ಇನ್ನೊಬ್ಬರು ಕಾರ್ಯಕ್ರಮದ ಸಿಬ್ಬಂದಿ: ಕೋಆರ್ಡಿನೇಟರ್, ಸಲಹೆಗಾರರು, ಹಣಕಾಸು ನೋಡುವವರು. ಮೊದಲನೆಯವರ ಬಗ್ಗೆ ಮಾತು ಜಾಸ್ತಿ, ಎರಡನೆಯವರ ಬಗ್ಗೆ ಕಡಿಮೆ. ನನ್ನ ಪ್ರಕಾರ ಇದು ತಿರುಗುಮುರುಗಾಗಬೇಕಿತ್ತು.

ಯಾರ ಸಂಖ್ಯೆ ಕಡಿಮೆ?

ದೇಶದ ಜನಸಂಖ್ಯೆಯಲ್ಲಿ ಒಂದು ಗುಂಪಿನ ಪಾಲು ಎಷ್ಟಿದೆಯೋ, ವಿಜ್ಞಾನದ ಪದವಿ ಮತ್ತು ಉದ್ಯೋಗಗಳಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಆ ಗುಂಪಿಗೆ ಪ್ರಾತಿನಿಧ್ಯ ಕಡಿಮೆ ಎನ್ನುತ್ತಾರೆ. ಅಮೆರಿಕದಲ್ಲಿ ಕಪ್ಪು ಜನಾಂಗದವರು, ಹಿಸ್ಪಾನಿಕ್ ಮೂಲದವರು, ಮೂಲನಿವಾಸಿಗಳು, ಅಂಗವಿಕಲರು ಈ ಪಟ್ಟಿಯಲ್ಲಿ ಬರುತ್ತಾರೆ. ಭೌತಶಾಸ್ತ್ರ, ಕಂಪ್ಯೂಟರ್ ಸೈನ್ಸ್‌ನಂಥ ಕಡೆ ಹೆಂಗಸರೂ ಬರುತ್ತಾರೆ. ಭಾರತ, ಚೀನಾ ಮೂಲದವರು ಒಟ್ಟು ಲೆಕ್ಕದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಈ ಪಟ್ಟಿಯ ಜೊತೆಗೆ ಇನ್ನೆರಡು ಅಳತೆಗಳಿವೆ. ತಂದೆ ತಾಯಿ ಇಬ್ಬರಿಗೂ ನಾಲ್ಕು ವರ್ಷದ ಪದವಿ ಇಲ್ಲದಿದ್ದರೆ ಆ ವಿದ್ಯಾರ್ಥಿ 'ಮೊದಲ ತಲೆಮಾರು'. ಮನೆಯ ತೆರಿಗೆ ಲೆಕ್ಕದ ಆದಾಯ ಸರ್ಕಾರದ ಬಡತನದ ಗೆರೆಯ ಒಂದೂವರೆ ಪಟ್ಟಿನೊಳಗಿದ್ದರೆ 'ಕಡಿಮೆ ಆದಾಯ'.

ಈ ಎರಡು ಅಳತೆ ಬಳಸುವ ಕಾರ್ಯಕ್ರಮಗಳಲ್ಲಿ ಹೆಸರಾದದ್ದು ಮೆಕ್‌ನೇರ್ ಸ್ಕಾಲರ್ಸ್. ರೊನಾಲ್ಡ್ ಮೆಕ್‌ನೇರ್ ಹುಟ್ಟಿದ್ದು 1950ರಲ್ಲಿ, ಸೌತ್ ಕೆರೊಲಿನಾದ ಲೇಕ್ ಸಿಟಿ ಎಂಬ ಸಣ್ಣ ಊರಿನಲ್ಲಿ. ಒಂಬತ್ತು ವರ್ಷದವನಿದ್ದಾಗ ಊರಿನ ಲೈಬ್ರರಿಯಲ್ಲಿ ಕಪ್ಪು ಹುಡುಗನಿಗೆ ಪುಸ್ತಕ ಕೊಡುವುದಿಲ್ಲ ಎಂದರು. ಹುಡುಗ ಜಾಗ ಬಿಟ್ಟು ಕದಲಲಿಲ್ಲ, ಪೊಲೀಸರನ್ನು ಕರೆಸುವ ತನಕ ಹೋಯಿತು. ಅದೇ ಹುಡುಗ 1976ರಲ್ಲಿ ಎಂಐಟಿಯಿಂದ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದ, ಆಮೇಲೆ ಗಗನಯಾತ್ರಿಯಾದ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸಿಡಿದಾಗ ಸತ್ತ ಏಳು ಮಂದಿಯಲ್ಲಿ ಅವನೂ ಒಬ್ಬ. ಅವನ ಹೆಸರಿನಲ್ಲಿ ಅಮೆರಿಕದ ಕಾಂಗ್ರೆಸ್ ಶುರು ಮಾಡಿದ ಈ ಕಾರ್ಯಕ್ರಮದಲ್ಲಿ ಮೂರನೇ ಎರಡು ಭಾಗ ವಿದ್ಯಾರ್ಥಿಗಳು ಮೊದಲ ತಲೆಮಾರಿನವರೂ ಕಡಿಮೆ ಆದಾಯದವರೂ ಆಗಿರಲೇಬೇಕು. ಗುರಿ ಒಂದೇ, ಅವರನ್ನು ಪಿಎಚ್‌ಡಿ ತನಕ ಮುಟ್ಟಿಸುವುದು.

ಮೊದಲ ಇಮೇಲ್

ಲ್ಯಾಬ್ ಸೇರುವ ಮಾಮೂಲಿ ದಾರಿ ಯಾವುದು ಗೊತ್ತಾ? ಪ್ರೊಫೆಸರ್‌ಗೆ ಒಂದು ಇಮೇಲ್. ಅರ್ಜಿ ನಮೂನೆ ಇಲ್ಲ, ಕೊನೆಯ ದಿನಾಂಕ ಇಲ್ಲ. "ನಿಮ್ಮ ಕೆಲಸ ಓದಿದ್ದೇನೆ, ಆಸಕ್ತಿ ಇದೆ, ಹತ್ತು ನಿಮಿಷ ಮಾತಾಡಬಹುದೇ?" ಎಂದು ಬರೆಯಬೇಕು. ಬಹಳ ಸರಳ ಅನಿಸುತ್ತದೆ. ಆದರೆ ಆ ಇಮೇಲ್‌ನಲ್ಲಿ ಏನಿರಬೇಕು, ಎಷ್ಟು ಉದ್ದ ಇರಬೇಕು, ಉತ್ತರ ಬರದಿದ್ದರೆ ಮತ್ತೆ ಬರೆಯಬಹುದೇ ಎನ್ನುವುದೆಲ್ಲ ಎಲ್ಲೂ ಬರೆದಿಟ್ಟ ವಿಷಯವಲ್ಲ. ಉತ್ತರ ಬರದಿದ್ದರೆ "ನಾನು ಲಾಯಕ್ಕಿಲ್ಲ" ಅಂತ ಒಬ್ಬಳು ಸುಮ್ಮನಾಗುತ್ತಾಳೆ. "ಮೇಲ್ ನೋಡಿಲ್ಲ ಅನ್ಸುತ್ತೆ" ಅಂತ ಇನ್ನೊಬ್ಬ ವಾರ ಬಿಟ್ಟು ಮತ್ತೆ ಕಳಿಸುತ್ತಾನೆ. ಲ್ಯಾಬ್ ಸಿಗುವುದು ಎರಡನೆಯವನಿಗೆ.

ಪ್ರೊಫೆಸರ್‌ಗಳ ಕಡೆಯಿಂದಲೂ ತೊಡಕಿದೆ. ಕ್ಯಾಥರೀನ್ ಮಿಲ್ಕ್‌ಮನ್, ಮೊಡುಪೆ ಅಕಿನೋಲಾ, ಡಾಲಿ ಚುಗ್ ಎಂಬ ಮೂವರು ಸಂಶೋಧಕರು ಒಂದು ಪ್ರಯೋಗ ಮಾಡಿದರು. ಅಮೆರಿಕದ 259 ಯೂನಿವರ್ಸಿಟಿಗಳ 6,500ಕ್ಕೂ ಹೆಚ್ಚು ಪ್ರೊಫೆಸರ್‌ಗಳಿಗೆ ಇಮೇಲ್ ಕಳಿಸಿದರು. ಪಿಎಚ್‌ಡಿ ಮಾಡಬೇಕೆಂದಿರುವ ವಿದ್ಯಾರ್ಥಿ ಸ್ವಲ್ಪ ಹೊತ್ತು ಭೇಟಿಗೆ ಕೇಳುವ ಇಮೇಲ್ ಅದು. ಒಕ್ಕಣೆ ಎಲ್ಲದರಲ್ಲೂ ಒಂದೇ, ಬದಲಾದದ್ದು ಕೆಳಗಿನ ಹೆಸರು ಮಾತ್ರ. ಬ್ರಾಡ್ ಆಂಡರ್ಸನ್, ಲಟೋಯಾ ಬ್ರೌನ್, ದೀಪಕ್ ಪಟೇಲ್, ಹೀಗೆ ಕಲ್ಪಿತ ಹೆಸರುಗಳು. ಬಿಳಿಯ ಗಂಡಸಿನ ಹೆಸರಿಗೆ ಉತ್ತರ ಜಾಸ್ತಿ ಬಂತು. ಹೆಂಗಸರು ಮತ್ತು ಬೇರೆ ಮೂಲದವರ ಹೆಸರಿಗೆ ಕಡಿಮೆ. ಭಾರತ, ಚೀನಾದ ಹೆಸರುಗಳೂ ಹಿಂದೆ ಬಿದ್ದವು. ಹೆಂಗಸರು, ಅಲ್ಪಸಂಖ್ಯಾತರು ಹೆಚ್ಚಿರುವ ವಿಭಾಗಗಳಲ್ಲಾದರೂ ಪರವಾಗಿಲ್ಲವೇನೋ ಎಂದುಕೊಂಡರೆ ಅಲ್ಲೂ ಭೇದ ಕಡಿಮೆ ಇರಲಿಲ್ಲ. 2015ರಲ್ಲಿ ಪ್ರಕಟವಾದ ಈ ಅಧ್ಯಯನ ಪಿಎಚ್‌ಡಿ ಆಕಾಂಕ್ಷಿಗಳ ಬಗ್ಗೆ. ಆದರೂ ಡಿಗ್ರಿ ಹುಡುಗರು ಬರೆಯುವುದೂ ಅದೇ ಪ್ರೊಫೆಸರ್‌ಗಳಿಗೇ ಅಲ್ವಾ?

ಈ ಪ್ರೊಫೆಸರ್‌ಗಳು ಕೆಟ್ಟವರು ಅಂತ ಅರ್ಥವಲ್ಲ. ದಿನಕ್ಕೆ ನೂರು ಮೇಲ್ ಬರುವಾಗ ಯಾವುದಕ್ಕೆ ಉತ್ತರ ಕೊಡಬೇಕು ಎಂದು ಕ್ಷಣದಲ್ಲಿ ನಿರ್ಧರಿಸುತ್ತಾರೆ. ಆ ಕ್ಷಣದಲ್ಲಿ ಪರಿಚಿತ ಅನಿಸಿದ್ದು ಗೆಲ್ಲುತ್ತದೆ. ಹಾಗಾಗಿ "ಭೇದ ಮಾಡಬೇಡಿ" ಎಂದು ಉಪದೇಶ ಮಾಡುವುದಕ್ಕಿಂತ ಆ ಕ್ಷಣವನ್ನೇ ದಾರಿಯಿಂದ ತೆಗೆದುಹಾಕುವುದು ಒಳ್ಳೆಯದು. ಕೋಆರ್ಡಿನೇಟರ್‌ಗಳು ಮಾಡುವ ಮೊದಲ ಕೆಲಸ ಇದೇ. ಯಾವ ಪ್ರೊಫೆಸರ್ ಬಳಿ ಈ ಸೆಮಿಸ್ಟರ್ ಜಾಗ ಇದೆ ಎಂದು ಅವರೇ ಕೇಳಿ ಪಟ್ಟಿ ಮಾಡುತ್ತಾರೆ. ಎಲ್ಲರಿಗೂ ಒಂದೇ ಅರ್ಜಿ, ಒಂದೇ ಗಡುವು ಇಡುತ್ತಾರೆ. ಯಾರಿಗೆ ಯಾವ ಲ್ಯಾಬ್ ಹೊಂದುತ್ತದೆ ಎಂದು ತಾವೇ ಮಧ್ಯೆ ಕೂತು ಜೋಡಿಸುತ್ತಾರೆ. ಮೊದಲ ವರ್ಷದ ಕ್ಲಾಸುಗಳಿಗೆ ಹೋಗಿ ಹೇಳುತ್ತಾರೆ, "ಇಂಥದ್ದೊಂದಿದೆ, ನಿಮಗೂ ಇದೆ" ಎಂದು. ಕೇಳಲು ಗೊತ್ತಿಲ್ಲದವರ ಬಳಿಗೆ ವಿಷಯವೇ ಹೋಗಬೇಕು, ಬೇರೆ ಉಪಾಯ ಇಲ್ಲ.

ದುಡ್ಡಿನ ಮಾತು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಯಾಕೆಂದರೆ ಬಹಳಷ್ಟು ಒಳ್ಳೆಯ ಉದ್ದೇಶಗಳು ಮುಗ್ಗರಿಸುವ ಜಾಗ ಇದು.

ಲ್ಯಾಬಿನಲ್ಲಿ ಸಂಬಳವಿಲ್ಲದೆ, ಬರೀ ಅನುಭವಕ್ಕಾಗಿ ಕೆಲಸ ಮಾಡುವ ಪದ್ಧತಿ ಈಗಲೂ ಇದೆ. ವಾರಕ್ಕೆ ಹತ್ತು ಗಂಟೆ ಬಿಟ್ಟಿ ಕೆಲಸ. ಅದೇ ಹತ್ತು ಗಂಟೆ ಅಂಗಡಿಯ ಕೌಂಟರಿನಲ್ಲಿ ನಿಂತರೆ ಬಾಡಿಗೆಗೆ ಕಾಸು ಆಗುತ್ತದೆ. ಬಾಡಿಗೆ ಚಿಂತೆ ಇಲ್ಲದವನಿಗೆ ಲ್ಯಾಬ್, ಇರುವವಳಿಗೆ ಕೌಂಟರ್. ಇಬ್ಬರ ಆಸಕ್ತಿಯೂ ಒಂದೇ ಇರಬಹುದು, ಆದರೆ ಎರಡು ವರ್ಷ ಕಳೆದ ಮೇಲೆ ಒಬ್ಬನ ಬಯೋಡೇಟಾದಲ್ಲಿ ಮಾತ್ರ ಸಂಶೋಧನೆ ಇರುತ್ತದೆ. ಸಂಬಳ ಕೊಡದ ಲ್ಯಾಬ್ ಎಲ್ಲರಿಗೂ ತೆರೆದಿದೆ ಎಂದು ಹೇಳುವುದು ನನ್ನ ದೃಷ್ಟಿಯಲ್ಲಿ ಆತ್ಮವಂಚನೆ.

ಬೇಸಿಗೆ ರಜೆಗೆ ಒಂದು ದಾರಿ ಇದೆ. ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಶನ್ 1987ರಿಂದ ಆರ್‌ಇಯು ಎಂಬ ಕಾರ್ಯಕ್ರಮ ನಡೆಸುತ್ತಿದೆ. ಬೇರೆ ಬೇರೆ ಕಾಲೇಜುಗಳಿಂದ ಹತ್ತು ಮಂದಿಯಷ್ಟು ವಿದ್ಯಾರ್ಥಿಗಳನ್ನು ಆರಿಸಿ ಸುಮಾರು ಹತ್ತು ವಾರ ಒಂದು ಯೂನಿವರ್ಸಿಟಿಯಲ್ಲಿಟ್ಟು ಸಂಶೋಧನೆ ಮಾಡಿಸುತ್ತಾರೆ. ಸ್ಟೈಪೆಂಡ್ ವಾರಕ್ಕೆ ಸುಮಾರು 700 ಡಾಲರ್, ಜೊತೆಗೆ ಸಾಮಾನ್ಯವಾಗಿ ವಸತಿ, ಪ್ರಯಾಣದ ಖರ್ಚು. ತಮ್ಮ ಕಾಲೇಜಿನಲ್ಲಿ ಸಂಶೋಧನೆಯೇ ನಡೆಯದ ಹುಡುಗರಿಗೆ ಇದು ದೊಡ್ಡ ಬಾಗಿಲು. ಆದರೆ ಅಮೆರಿಕದ ಪೌರರು ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಈ ಹಣ. ದಾಖಲೆ ಇಲ್ಲದೆ ಬೆಳೆದ ವಲಸಿಗರ ಮಕ್ಕಳಿಗೆ, ವಿದೇಶಿ ವಿದ್ಯಾರ್ಥಿಗಳಿಗೆ ಸಿಗುವುದಿಲ್ಲ. ಅಂಥವರಿಗೆ ಕಾಲೇಜಿನ ಸ್ವಂತ ನಿಧಿಯನ್ನೋ ದಾನಿಗಳ ಹಣವನ್ನೋ ಹುಡುಕಿ ಕೊಡುವ ಕೆಲಸ ಸಿಬ್ಬಂದಿಯ ತಲೆಗೆ ಬೀಳುತ್ತದೆ. ಮೆಕ್‌ನೇರ್‌ನಲ್ಲಂತೂ ವಿದ್ಯಾರ್ಥಿಗೆ ವರ್ಷಕ್ಕೆ 2,800 ಡಾಲರ್‌ಗಿಂತ ಜಾಸ್ತಿ ಸ್ಟೈಪೆಂಡ್ ಕೊಡುವಂತಿಲ್ಲ, ಮಿತಿ ಕಾನೂನಿನಲ್ಲೇ ಬರೆದಿದೆ. ಒಂದು ಬೇಸಿಗೆಯ ಬಾಡಿಗೆ, ಊಟಕ್ಕೂ ಅದು ಸಾಲದ ಊರುಗಳಿವೆ.

ಸ್ಟೈಪೆಂಡ್ ಮಂಜೂರಾದರೆ ಮುಗಿಯಿತು ಎನ್ನುವಂತಿಲ್ಲ. ಯಾವಾಗ ಕೈಗೆ ಬರುತ್ತದೆ? ಜೂನ್ ಮೊದಲ ವಾರ ಕೆಲಸ ಶುರು, ಮೊದಲ ಕಂತು ತಿಂಗಳ ಕೊನೆಗೆ ಅಂದರೆ ನಡುವಿನ ಮೂರು ವಾರ ಅವಳು ಏನು ಮಾಡಬೇಕು? ಹಾಸ್ಟೆಲ್ ಡೆಪಾಸಿಟ್ ಕಟ್ಟುವವರು ಯಾರು? ಸ್ಟೈಪೆಂಡ್ ಎಂದು ಕೊಡುವ ಹಣಕ್ಕೆ ಬಹಳ ಕಡೆ ಮೊದಲೇ ತೆರಿಗೆ ಹಿಡಿಯುವುದಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ತೆರಿಗೆ ಲೆಕ್ಕ ಹಾಕುವಾಗ ಬಾಕಿ ಎದುರಾಗಿ ಹುಡುಗಿ ಗಾಬರಿಯಾಗುತ್ತಾಳೆ. ಇನ್ನು ಕೆಲವರಿಗೆ ಹೊಸ ಹಣ ಬಂದದ್ದಕ್ಕೆ ಹಳೆಯ ವಿದ್ಯಾರ್ಥಿ ನೆರವೇ ಕಡಿತವಾಗುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಒಳ್ಳೆಯ ಕೋಆರ್ಡಿನೇಟರ್ ಹಣ ಬಿಡುಗಡೆಗೆ ಮೊದಲೇ ನೆರವು ವಿಭಾಗದವರ ಜೊತೆ ಕೂತು ಇದನ್ನೆಲ್ಲ ಸರಿಮಾಡಿಕೊಂಡಿರುತ್ತಾರೆ.

ಸಮ್ಮೇಳನದ ಪ್ರಯಾಣವೂ ಹೀಗೆಯೇ. ಸ್ಯಾಕ್‌ನಾಸ್ ಎಂಬ ಸಂಘಟನೆ 1973ರಿಂದ ಇದೆ, ಅದರ ವಾರ್ಷಿಕ ಸಮ್ಮೇಳನಕ್ಕೆ ಹಿಸ್ಪಾನಿಕ್ ಮತ್ತು ಮೂಲನಿವಾಸಿ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಬಂದು ತಮ್ಮ ಸಂಶೋಧನೆಯನ್ನು ವಿವರಿಸುವ ಪೋಸ್ಟರ್ ಹಾಕುತ್ತಾರೆ. ಮಾಮೂಲಿ ನಿಯಮ ಏನೆಂದರೆ ವಿಮಾನ ಟಿಕೆಟ್, ಹೋಟೆಲ್ ಖರ್ಚನ್ನು ಮೊದಲು ನೀವೇ ಹಾಕಿ, ಬಿಲ್ ಕೊಟ್ಟ ಮೇಲೆ ವಾಪಸ್ ಕೊಡುತ್ತೇವೆ. ಪ್ರೊಫೆಸರ್‌ಗೆ ಇದು ವಿಷಯವೇ ಅಲ್ಲ. ಕ್ರೆಡಿಟ್ ಕಾರ್ಡೇ ಇಲ್ಲದ ಇಪ್ಪತ್ತರ ಹುಡುಗಿಗೆ ಸಾವಿರ ಡಾಲರ್ ಎಲ್ಲಿಂದ ಬರಬೇಕು? ಕೇಳಲು ಸಂಕೋಚ ಪಟ್ಟು "ಪರೀಕ್ಷೆ ಇದೆ, ಬರೋಕಾಗಲ್ಲ" ಅಂದುಬಿಡುತ್ತಾಳೆ. ಯೂನಿವರ್ಸಿಟಿಯ ಕಾರ್ಡಿನಲ್ಲಿ ನೇರವಾಗಿ ಟಿಕೆಟ್ ಕೊಂಡರೆ ಈ ತೊಂದರೆ ಅಲ್ಲಿಗೆ ಮುಗಿಯುತ್ತದೆ. ಇದಕ್ಕೆ ಹೊಸ ಅನುದಾನ ಬೇಡ, ಸಮಿತಿ ಬೇಡ, ನಿಯಮ ಗೊತ್ತಿರುವ ಒಬ್ಬ ಗುಮಾಸ್ತೆ ಸಾಕು.

ಇನ್ನೊಂದು ಉಪಾಯ ಬಹಳ ಪ್ರೊಫೆಸರ್‌ಗಳಿಗೆ ಹೊಳೆಯುವುದಿಲ್ಲ. 1964ರಿಂದ ಇರುವ ವರ್ಕ್-ಸ್ಟಡಿ ಯೋಜನೆಯಲ್ಲಿ ಬಡ ವಿದ್ಯಾರ್ಥಿಯ ಕ್ಯಾಂಪಸ್ ಕೆಲಸದ ಸಂಬಳದ ಬಹುಪಾಲನ್ನು ಕೇಂದ್ರ ಸರ್ಕಾರ ಕೊಡುತ್ತದೆ. ಲೈಬ್ರರಿ ಕೌಂಟರಿಗೆ ಸಿಗುವ ಆ ಸಂಬಳ ಲ್ಯಾಬಿನ ಕೆಲಸಕ್ಕೂ ಸಿಗಬಹುದು. "ಈ ವಿದ್ಯಾರ್ಥಿಯನ್ನು ತೆಗೆದುಕೊಂಡರೆ ನಿಮ್ಮ ಗ್ರಾಂಟಿನಿಂದ ಹೋಗುವುದು ಸ್ವಲ್ಪವೇ" ಎಂದು ಯಾರಾದರೂ ತಿಳಿಸಿದರೆ ಪ್ರೊಫೆಸರ್ ಕೂಡಲೇ ಒಪ್ಪುತ್ತಾರೆ. ತಿಳಿಸುವವರು ಬೇಕು ಅಷ್ಟೇ.

ಮೆಂಟರ್ ಅಂದರೆ ಯಾರು?

ಕಾಗದದಲ್ಲಿ ಮೆಂಟರ್ ಎಂದು ಪ್ರೊಫೆಸರ್ ಹೆಸರಿರುತ್ತದೆ. ದಿನಾ ಪಕ್ಕದಲ್ಲಿ ನಿಂತು ಪಿಪೆಟ್ ಹಿಡಿಯುವುದನ್ನು, ಕೋಡ್‌ನಲ್ಲಿ ತಪ್ಪು ಹುಡುಕುವುದನ್ನು ಕಲಿಸುವವರು ಪಿಎಚ್‌ಡಿ ವಿದ್ಯಾರ್ಥಿ ಅಥವಾ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿ ಲ್ಯಾಬಿನಲ್ಲಿ ಕೆಲಸ ಮಾಡುವ ಸಂಶೋಧಕ. ಅವರಿಗೂ ತಮ್ಮ ಪ್ರಬಂಧದ ಒತ್ತಡ ಇರುತ್ತದೆ. ಕಲಿಸುವುದು ಹೇಗೆಂದು ಅವರಿಗೆ ಯಾರೂ ಕಲಿಸಿರುವುದಿಲ್ಲ. ಹಾಗಾಗಿ ತಮಗೆ ಹೇಗೆ ಕಲಿಸಿದರೋ ಹಾಗೇ ಕಲಿಸುತ್ತಾರೆ. ವಿಸ್ಕಾನ್ಸಿನ್-ಮ್ಯಾಡಿಸನ್ ಯೂನಿವರ್ಸಿಟಿಯ ಗುಂಪೊಂದು ಇದಕ್ಕೆಂದೇ ಪಾಠಕ್ರಮ ಮಾಡಿತು. ಮೆಂಟರ್‌ಗಳು ಕೆಲವು ವಾರ ಒಟ್ಟಿಗೆ ಕೂತು ತಮ್ಮ ವಿದ್ಯಾರ್ಥಿಗಳ ಜೊತೆ ಆಗುವ ನಿಜವಾದ ತೊಡಕುಗಳನ್ನು ಚರ್ಚಿಸುತ್ತಾರೆ. 2019ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿಗಳು ವಿಜ್ಞಾನದಲ್ಲಿ ಮೆಂಟರಿಂಗ್ ಬಗ್ಗೆ ಒಂದು ದೊಡ್ಡ ವರದಿ ಕೊಟ್ಟವು. ಮೆಂಟರಿಂಗ್ ಹುಟ್ಟುಗುಣ ಅಲ್ಲ, ಕಲಿಯಬಹುದಾದ ಕೌಶಲ ಎನ್ನುವುದು ಅದರ ಮುಖ್ಯ ಮಾತುಗಳಲ್ಲೊಂದು.

ಬಹಳ ಕೆಲಸಕ್ಕೆ ಬರುವ ಸಾಧನ ಒಂದು ಪುಟದ ಒಪ್ಪಂದ. ವಾರಕ್ಕೆ ಎಷ್ಟು ಗಂಟೆ, ಪರೀಕ್ಷೆ ವಾರದಲ್ಲಿ ರಜೆ ಇದೆಯಾ, ಅನುಮಾನ ಬಂದರೆ ಯಾರನ್ನು ಕೇಳಬೇಕು, ಮೆಸೇಜಿಗೆ ಉತ್ತರ ಎಷ್ಟು ದಿನದಲ್ಲಿ, ಲೇಖನ ಪ್ರಕಟವಾದರೆ ಹೆಸರು ಯಾವಾಗ ಸೇರುತ್ತದೆ, ಪ್ರೊಫೆಸರ್ ಜೊತೆ ನೇರ ಮಾತು ಎಷ್ಟು ದಿನಕ್ಕೊಮ್ಮೆ. ಇದನ್ನು ಮೊದಲ ವಾರವೇ ಇಬ್ಬರೂ ಕೂತು ಬರೆಯಬೇಕು. ಎಲ್ಲರಿಗೂ ಗೊತ್ತಿರೋದೇ ಅಲ್ವಾ ಅನಿಸಬಹುದು. ಗೊತ್ತಿಲ್ಲದವರಿಗಾಗಿಯೇ ಇದು. ಕೊನೆಯ ಅಂಶವನ್ನು ಮರೆಯಬಾರದು. ಪ್ರೊಫೆಸರ್ ಜೊತೆ ಒಮ್ಮೆಯೂ ಸರಿಯಾಗಿ ಮಾತಾಡದೆ ಎರಡು ವರ್ಷ ಲ್ಯಾಬಿನಲ್ಲಿ ಕಳೆದವರ ಶಿಫಾರಸು ಪತ್ರ "ಶಿಸ್ತಿನ ವಿದ್ಯಾರ್ಥಿ" ಎಂಬಲ್ಲಿಗೆ ನಿಂತುಬಿಡುತ್ತದೆ.

ಕೆಲಸ ಹಂಚುವುದರಲ್ಲೂ ಸೂಕ್ಷ್ಮವಿದೆ. ಹೊಸಬಳಿಗೆ ಗಾಜಿನ ಪಾತ್ರೆ ತೊಳೆಯುವುದು, ಡೇಟಾ ತುಂಬುವುದು ಕೊಡುತ್ತಾರೆ, ಅದು ಸಹಜ. ಆರು ತಿಂಗಳಾದರೂ ಅದೇ ಆದರೆ ಅದು ಸಂಶೋಧನೆ ಅಲ್ಲ. ಇನ್ನೊಂದು ತುದಿಯಲ್ಲಿ ಅತಿಯಾದ ಮೃದುತನ. "ಪಾಪ, ಕಷ್ಟದಿಂದ ಬಂದವಳು" ಅಂತ ತಪ್ಪನ್ನು ತಿದ್ದದೆ ಬಿಡುವುದು. ಹೊರಗಿನಿಂದ ದಯೆ, ಒಳಗೆ "ಇವಳಿಂದ ಇಷ್ಟೇ" ಎಂಬ ತೀರ್ಮಾನ. ಗಟ್ಟಿಯಾದ ಟೀಕೆ, ಅದರ ಜೊತೆಗೇ "ನಿನ್ನಿಂದ ಇದು ಆಗುತ್ತದೆ, ಅದಕ್ಕೇ ಹೇಳ್ತಿದೀನಿ" ಎಂಬ ಮಾತು, ಎರಡೂ ಒಟ್ಟಿಗೆ ಬೇಕು. ಪ್ರಯೋಗ ಕೆಟ್ಟುಹೋದಾಗ ಇದು ಇನ್ನೂ ಮುಖ್ಯ. ಸಂಶೋಧನೆಯಲ್ಲಿ ಹೆಚ್ಚಿನ ಪ್ರಯೋಗಗಳು ಕೆಡುತ್ತವೆ ಎಂದು ತಿಳಿದವರಿಗೆ ಅದು ಬರೀ ಮಾಮೂಲಿ ದಿನ. ತಿಳಿಯದವರಿಗೆ ಅದು ತಾನು ಇಲ್ಲಿಗೆ ಸೇರಿದವಳಲ್ಲ ಎಂಬುದಕ್ಕೆ ಸಾಕ್ಷಿ.

ಒಬ್ಬ ಮೆಂಟರ್ ಮೇಲೆ ಎಲ್ಲ ಭಾರ ಹಾಕದ ಮಾದರಿ ಮೇರಿಲ್ಯಾಂಡ್‌ನ ಯುಎಂಬಿಸಿ ಯೂನಿವರ್ಸಿಟಿಯಲ್ಲಿದೆ. ಫ್ರೀಮನ್ ರಬೌಸ್ಕಿ 1988ರಲ್ಲಿ ರಾಬರ್ಟ್ ಮೇಯರ್‌ಹಾಫ್ ಎಂಬ ದಾನಿಯ ನೆರವಿನಿಂದ ಮೇಯರ್‌ಹಾಫ್ ಸ್ಕಾಲರ್ಸ್ ಶುರು ಮಾಡಿದರು. ಮೊದಲಿಗೆ ಕಪ್ಪು ಯುವಕರಿಗಾಗಿ, ಆಮೇಲೆ ಎಲ್ಲರಿಗೂ. ಕಾಲೇಜು ಆರಂಭಕ್ಕೆ ಮುಂಚೆಯೇ ಬೇಸಿಗೆ ತರಬೇತಿ, ಗುಂಪಾಗಿ ಓದುವುದು, ಬೇಗನೇ ಲ್ಯಾಬ್, ಯಾರು ಎಲ್ಲಿ ಎಡವುತ್ತಿದ್ದಾರೆ ಎಂದು ಗಮನಿಸುವ ಪೂರ್ಣಾವಧಿ ಸಿಬ್ಬಂದಿ. ಮಾಡರ್ನಾದ ಕೋವಿಡ್ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಮುಂಚೂಣಿಯಲ್ಲಿದ್ದ ಕಿಜ್ಮೀಕಿಯಾ ಕಾರ್ಬೆಟ್ ಇಲ್ಲಿಂದ 2008ರಲ್ಲಿ ಪದವಿ ಪಡೆದವರು. ಡಿಗ್ರಿ ಓದುವಾಗ ಬೇಸಿಗೆಯಲ್ಲಿ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಬಾರ್ನಿ ಗ್ರಹಾಂ ಅವರ ಲ್ಯಾಬಿನಲ್ಲಿ ಕೆಲಸ ಮಾಡಿದ್ದರು. ಪಿಎಚ್‌ಡಿ ಮುಗಿಸಿ ಮರಳಿದ್ದು ಅಲ್ಲಿಗೇ. ಪೆನ್ ಸ್ಟೇಟ್ ಮತ್ತು ನಾರ್ತ್ ಕೆರೊಲಿನಾ ಯೂನಿವರ್ಸಿಟಿಗಳು ಈ ಮಾದರಿಯನ್ನು ತಮ್ಮಲ್ಲಿ ಅಳವಡಿಸಿಕೊಂಡವು.

ಆಯ್ಕೆಯನ್ನೇ ಬಿಟ್ಟುಬಿಟ್ಟರೆ ಹೇಗೆ ಎಂದು ಯೋಚಿಸಿದವರೂ ಇದ್ದಾರೆ. ಹೋವರ್ಡ್ ಹ್ಯೂಸ್ ಮೆಡಿಕಲ್ ಇನ್‌ಸ್ಟಿಟ್ಯೂಟ್ 2008ರಿಂದ ಸೀ-ಫೇಜಸ್ ಎಂಬ ಕೋರ್ಸ್ ನಡೆಸುತ್ತಿದೆ. ಮೊದಲ ವರ್ಷದ ವಿದ್ಯಾರ್ಥಿಗಳು ಮಣ್ಣು ತಂದು, ಅದರಲ್ಲಿ ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್ ಹುಡುಕಿ, ಅದಕ್ಕೆ ಹೆಸರಿಟ್ಟು, ಅದರ ಜೀನೋಮ್ (ವಂಶವಾಹಿಗಳ ಪೂರ್ಣ ಸರಣಿ) ಓದುತ್ತಾರೆ. ಇಮೇಲ್ ಬೇಡ, ಶಿಫಾರಸು ಬೇಡ, ಅದು ವೇಳಾಪಟ್ಟಿಯಲ್ಲೇ ಇರುವ ಕ್ಲಾಸು. ಒಬ್ಬೊಬ್ಬರಿಗೂ ಸಿಗುವ ಗಮನ ಲ್ಯಾಬಿನಷ್ಟು ಇರುವುದಿಲ್ಲ, ನಿಜ. ಆದರೆ ರುಚಿ ನೋಡುವ ಅವಕಾಶ ಎಲ್ಲರಿಗೂ ಒಂದೇ. ಹೊಸದಾಗಿ ಶುರು ಮಾಡುವ ಕಾಲೇಜಿಗೆ ನಾನಾದರೆ ಇದನ್ನೇ ಮೊದಲು ಮಾಡಿ ಎನ್ನುತ್ತೇನೆ.

ಸಿಬ್ಬಂದಿಯ ಸಂಬಳ ಎಲ್ಲಿಂದ?

2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ತೀರ್ಪು ಪ್ರವೇಶದ ಬಗ್ಗೆ. ಆದರೂ ಸಂಶೋಧನಾ ಕಾರ್ಯಕ್ರಮಗಳು ತಮ್ಮ ಅರ್ಹತೆಯ ಸಾಲುಗಳನ್ನು ತಿದ್ದತೊಡಗಿದವು. ಜನಾಂಗದ ಬದಲು ಆದಾಯ, ಮೊದಲ ತಲೆಮಾರು, ಸಂಶೋಧನೆ ಇಲ್ಲದ ಕಾಲೇಜು ಎಂಬ ಅಳತೆಗಳು ಮುಂದೆ ಬಂದವು. 2025ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಹೊರಡಿಸಿದ ಆದೇಶಗಳ ನಂತರ ವೈವಿಧ್ಯದ ಹೆಸರಿನ ಎಷ್ಟೋ ಅನುದಾನಗಳು ನಿಂತೇಹೋದವು. ಇದು ಸರಿಯೋ ತಪ್ಪೋ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ಮೇಲೆ ಹೇಳಿದ ಕೆಲಸಗಳಲ್ಲಿ ಹೆಚ್ಚಿನವಕ್ಕೆ, ಅಂದರೆ ಒಂದೇ ಅರ್ಜಿ, ಸಂಬಳ, ನೇರ ಟಿಕೆಟ್, ಒಂದು ಪುಟದ ಒಪ್ಪಂದಕ್ಕೆ, ಯಾರ ಜನಾಂಗವನ್ನೂ ಕೇಳಬೇಕಾಗಿಲ್ಲ ಎನ್ನುವುದನ್ನು ಮಾತ್ರ ಗಮನಿಸಬೇಕು.

ಆದರೆ ಆ ಕೆಲಸ ಮಾಡುವ ಮನುಷ್ಯರು ಇರಬೇಕಲ್ಲ. ಮೆಕ್‌ನೇರ್ ಅನುದಾನ ಐದು ವರ್ಷದ್ದು. ಆರ್‌ಇಯು ಕೇಂದ್ರಕ್ಕೆ ಸಾಮಾನ್ಯವಾಗಿ ಮೂರು ವರ್ಷ. ಕೋಆರ್ಡಿನೇಟರ್ ಸಂಬಳ ಬಹಳ ಕಡೆ ಅದರೊಳಗಿಂದಲೇ ಬರುತ್ತದೆ. ಅನುದಾನ ಮುಗಿಯಿತು ಅಂದರೆ ಅವರೂ ಬೇರೆ ಕೆಲಸ ಹುಡುಕುತ್ತಾರೆ. ಯಾವ ಪ್ರೊಫೆಸರ್ ನಿಜವಾಗಿ ಸಮಯ ಕೊಡುತ್ತಾರೆ, ಯಾವ ಲ್ಯಾಬಿಗೆ ಹೊಸಬರನ್ನು ಕಳಿಸಬಾರದು, ನೆರವು ವಿಭಾಗದಲ್ಲಿ ಯಾರನ್ನು ಹಿಡಿದರೆ ಕಡಿತ ತಪ್ಪುತ್ತದೆ, ಇವೆಲ್ಲ ಅವರ ತಲೆಯಲ್ಲಿರುತ್ತವೆ, ಫೈಲಿನಲ್ಲಿ ಅಲ್ಲ. ಹೊಸ ಅನುದಾನ ಬಂದಾಗ ಹೊಸಬರು ಸೊನ್ನೆಯಿಂದ ಶುರು ಮಾಡುತ್ತಾರೆ. ವಿದ್ಯಾರ್ಥಿಗಳ ಸ್ಟೈಪೆಂಡ್‌ಗೆ ದಾನಿಗಳು ಸುಲಭವಾಗಿ ಸಿಗುತ್ತಾರೆ, ಫೋಟೋಗೂ ಅದು ಚೆನ್ನಾಗಿರುತ್ತದೆ. ಆಫೀಸಿನಲ್ಲಿ ಕೂತವರ ಸಂಬಳಕ್ಕೆ ಹಣ ಕೊಡುವ ದಾನಿ ಅಪರೂಪ. ಹಾಗಾಗಿ ಆ ಒಂದು ಹುದ್ದೆಯನ್ನಾದರೂ ಯೂನಿವರ್ಸಿಟಿ ತನ್ನ ಕಾಯಂ ಬಜೆಟ್‌ಗೆ ಸೇರಿಸಿಕೊಳ್ಳಬೇಕು.